ಬೆಂಝ್ ಲಾರಿಯ ನಕ್ಷತ್ರ ಮತ್ತು ಬಿಟ್ಟಿ ದುಡಿಮೆಯ ಲೆಕ್ಕ

ಮಳಖೇಡ ಎಂದ ಕೂಡಲೇ ನಮ್ಮ ಪಠ್ಯಪುಸ್ತಕಗಳು ರಾಷ್ಟ್ರಕೂಟರ ಹೆಸರು ಹೇಳುತ್ತವೆ. ಅಮೋಘವರ್ಷ ನೃಪತುಂಗನ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನ ಎನ್ನುತ್ತವೆ. ಇದು ಸುಳ್ಳಲ್ಲ. ಆದರೆ ಕಾಗಿಣಾ ದಂಡೆಯ ಆ ಕೋಟೆಗೆ ಕಲ್ಲು ಹೊತ್ತವರು ಯಾರು, ಅವರಿಗೆ ಕೂಲಿ ಸಿಕ್ಕಿತ್ತೋ ಇಲ್ಲವೋ ಎಂದು ಒಬ್ಬ ಹುಡುಗ ಎದ್ದು ನಿಂತು ಕೇಳಿದನೆಂದರೆ ಮಾಸ್ತರರು ಏನು ಉತ್ತರ ಕೊಡಬೇಕು? ಪುಸ್ತಕದಾಗ ಅದು ಬರದಿಲ್ಲ. ಆಳಿದವನ ಹೆಸರು ಉಳಿಯುತ್ತದೆ, ಹೊತ್ತವನ ಹೆಸರು ಮಣ್ಣಾಗುತ್ತದೆ. ರಾಜರ ಇತಿಹಾಸಕ್ಕೆ ಮಾತ್ರ ಈ ರೋಗ ಅಂಟಿದೆ ಎಂದು ತಿಳಿಯಬೇಡಿ. ಕಂಪನಿಗಳ ಇತಿಹಾಸವೂ ಇದೇ ದಾರಿಯಲ್ಲಿ ನಡೆದಿದೆ. ಅಂಥ ಒಂದು ಕಂಪನಿಯ ಕಥೆಯನ್ನು ನಮ್ಮ ಸೀಮೆಯಲ್ಲಿ ನಿಂತು ನೋಡುವುದು ಈ ಲೇಖನದ ಉದ್ದೇಶ. ಆ ಕಂಪನಿ ಜರ್ಮನಿಯ ಡೈಮ್ಲರ್-ಬೆಂಝ್.

ಜರ್ಮನಿಯ ಕಾರು ಕಂಪನಿಗೂ ಸೇಡಂ, ಚಿತ್ತಾಪುರ, ಚಿಂಚೋಳಿಗೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಸಂಬಂಧ ಇದೆ. ಟಾಟಾದವರ ಟೆಲ್ಕೊ ಕಂಪನಿ 1945ರಲ್ಲಿ ಜಮ್‌ಶೆಡ್‌ಪುರದಲ್ಲಿ ಶುರುವಾದಾಗ ರೈಲು ಎಂಜಿನ್ ಮಾಡುತ್ತಿತ್ತು. 1954ರಲ್ಲಿ ಅದು ಡೈಮ್ಲರ್-ಬೆಂಝ್ ಜೊತೆ 15 ವರ್ಷಗಳ ಒಪ್ಪಂದ ಮಾಡಿಕೊಂಡು ಲಾರಿ ಮಾಡತೊಡಗಿತು. ಆ ಲಾರಿಯ ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರ ಇತ್ತು. ಜನ ಅದನ್ನು ‘ಟಾಟಾ-ಬೆಂಝ್’ ಎಂದು ಕರೆದರು, ಆಮೇಲೆ ಬರೇ ‘ಬೆಂಝ್ ಲಾರಿ’ ಎಂದರು. 1969ರಲ್ಲಿ ಒಪ್ಪಂದ ಮುಗಿಯಿತು, ನಕ್ಷತ್ರ ಹೋಗಿ ಟಾಟಾದವರ ಗುರುತು ಬಂತು. ಆದರೂ ಡ್ರೈವರುಗಳ ಬಾಯಿಂದ ಬೆಂಝ್ ಅನ್ನೋ ಮಾತು ಬಹಳ ದಿನ ಹೋಗಲಿಲ್ಲ.

ಶಹಾಬಾದಿನ ಫರ್ಸಿ ಕಲ್ಲು ಊರೂರಿಗೆ ಹೋದದ್ದು ಮೊದಲು ರೈಲಿನ ಮೇಲೆ, ಆಮೇಲೆ ಇಂಥ ಲಾರಿಗಳ ಮೇಲೆ. ಈ ಕಲ್ಲು ನೆಲದಾಗ ಪದರು ಪದರಾಗಿ ಮಲಗಿರುತ್ತದೆ. ಖಣಿಯೊಳಗೆ ಇಳಿದು, ಉಳಿ-ಸುತ್ತಿಗೆಯಿಂದ ಗೀರು ಹಾಕಿ, ಹಾರೆ ಕೊಟ್ಟು ಮೀಟಿ, ಒಂದೊಂದು ಪದರನ್ನು ಒಡೆಯದಂತೆ ಎಬ್ಬಿಸಬೇಕು. ಎಬ್ಬಿಸಿದ್ದನ್ನು ಮೇಲಕ್ಕೆ ಹೊರಬೇಕು. ಹೊತ್ತದ್ದನ್ನು ಲಾರಿಯಲ್ಲಿ ಅಡ್ಡ ಮಲಗಿಸದೆ ನಿಲ್ಲಿಸಿ ಜೋಡಿಸಬೇಕು, ಇಲ್ಲದಿದ್ದರೆ ದಾರಿಯಲ್ಲಿ ಸೀಳುತ್ತದೆ. ಇಷ್ಟೂ ವಿದ್ಯೆ ಖಣಿಯ ಕೂಲಿಗಾರರ ಕೈಯಲ್ಲಿದೆ. ಎಷ್ಟೋ ಮನೆಗಳ ನೆಲಕ್ಕೆ ಈ ಕಲ್ಲು ಹಾಸಿದ್ದಾರೆ. ಹಾಸಿದ ಮನೆಯೊಳಗೆ ಅದನ್ನು ಎಬ್ಬಿಸಿದವನಿಗೆ ಪ್ರವೇಶ ಇತ್ತೇ? ನೀವೇ ಹೇಳಿ. ಶಹಾಬಾದಿನ ಕಲ್ಲಿಗೆ ಹೆಸರಿದೆ, ಬೆಂಝ್ ಲಾರಿಗೆ ಹೆಸರಿದೆ. ನಡುವೆ ಇದ್ದ ಮನುಷ್ಯ ಎಲ್ಲಿ ಹೋದ?

ಈಗ ಆ ನಕ್ಷತ್ರದ ಹುಟ್ಟು ನೋಡೋಣ.

ಕಾರ್ಲ್ ಬೆಂಝ್ ಎಂಬ ಎಂಜಿನಿಯರು ಮನ್‌ಹೈಮ್ ಪಟ್ಟಣದಲ್ಲಿ ಮೂರು ಗಾಲಿಯ ಮೋಟಾರು ಗಾಡಿ ಕಟ್ಟಿ 1886ರ ಜನವರಿ 29ರಂದು ಅದಕ್ಕೆ ಹಕ್ಕುಪತ್ರ ಕೇಳಿದ. 37435 ಸಂಖ್ಯೆಯ ಆ ಪೇಟೆಂಟನ್ನೇ ಕಾರಿನ ಜನ್ಮಪತ್ರಿಕೆ ಎಂದು ಜಗತ್ತು ಒಪ್ಪಿದೆ. ಪತ್ರದಲ್ಲಿರುವುದು ಗಂಡಸಿನ ಹೆಸರು. ಆದರೆ ಮದುವೆಗೂ ಮೊದಲೇ ತನ್ನ ಪಾಲಿನ ಹಣವನ್ನು ಆತನ ವರ್ಕ್‌ಶಾಪಿಗೆ ಸುರಿದು ಅದನ್ನು ಉಳಿಸಿದವಳು ಬರ್ಟಾ. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಮನ್‌ಹೈಮಿನಿಂದ ತವರೂರು ಪ್ಫೋರ್ಝ್‌ಹೈಮಿಗೆ ನೂರು ಕಿಲೋಮೀಟರಿನಷ್ಟು ದೂರ ಆ ಗಾಡಿ ಓಡಿಸಿದವಳೂ ಅವಳೇ. ಎಣ್ಣೆ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡು ಹಾಕಿದಳು. ಎಣ್ಣೆಯ ಕೊಳವೆ ಕಟ್ಟಿದಾಗ ಟೋಪಿಯ ಸೂಜಿಯಿಂದ ಚುಚ್ಚಿ ಬಿಡಿಸಿದಳು. ಇಳಿಜಾರಿನಲ್ಲಿ ಕಟ್ಟಿಗೆಯ ಬ್ರೇಕು ಸವೆದು ಹಿಡಿಯದಾದಾಗ ದಾರಿಯ ಊರಿನ ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲು ಹೊಡೆಸಿದಳು.

ಗೆಳೆಯರೇ, ಇದನ್ನು ಸ್ವಲ್ಪ ನಿಂತು ಯೋಚಿಸಿ. ಬ್ರೇಕಿನ ಕಟ್ಟಿಗೆಗೆ ಹೊದಿಕೆ ಹಾಕುವ ಪದ್ಧತಿ ಶುರುವಾದದ್ದು ಹೀಗೆ ಎಂದು ಕಂಪನಿಯವರೇ ಹೇಳುತ್ತಾರೆ. ಗಾಡಿ ಓಡಿಸುವ ವಿದ್ಯೆ ಎಂಜಿನಿಯರನದು, ಗಾಡಿ ನಿಲ್ಲಿಸುವ ವಿದ್ಯೆಗೆ ಚಮ್ಮಾರನ ಕೈ ಬೇಕಾಯಿತು. ತೊಗಲು ಮುಟ್ಟಿದವನನ್ನು ಮುಟ್ಟಬಾರದು ಎಂದ ನಾಡಿನಲ್ಲಿ ಈ ಕಥೆಯನ್ನು ಪ್ರತಿ ಶಾಲೆಯಲ್ಲೂ ಹೇಳಬೇಕು.

ಇದೇ ಕಾಲಕ್ಕೆ ಸ್ಟುಟ್‌ಗಾರ್ಟ್ ಕಡೆ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಖ್ ಬೇರೆಯಾಗಿ ಎಂಜಿನ್ ಮಾಡುತ್ತಿದ್ದರು. ಅವರ ಕಾರುಗಳನ್ನು ಶ್ರೀಮಂತರಿಗೆ ಮಾರುತ್ತಿದ್ದ ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿ ತನ್ನ ಮಗಳು ಮರ್ಸಿಡಿಸ್ ಹೆಸರನ್ನು ಕಾರಿಗೆ ಇಡಿಸಿದ. ಆ ಹೆಸರಿನ ಕಾರು 1901ರಲ್ಲಿ ಓಡಿತು, 1902ರಲ್ಲಿ ಹೆಸರು ನೋಂದಣಿಯಾಯಿತು. ನೆಲ, ನೀರು, ಗಾಳಿ ಮೂರರಲ್ಲೂ ತಮ್ಮ ಎಂಜಿನ್ ಓಡಬೇಕೆಂಬ ಅರ್ಥದಲ್ಲಿ 1909ರಲ್ಲಿ ಮೂರು ಮೊನೆಯ ನಕ್ಷತ್ರ ನೋಂದಣಿಯಾಯಿತು. ಮೊದಲ ಮಹಾಯುದ್ಧ ಮುಗಿದು, ಹಣದ ಬೆಲೆ ಪಾತಾಳಕ್ಕೆ ಹೋಗಿ, ಎರಡೂ ಕಂಪನಿಗಳು ಸೊರಗಿದಾಗ 1926ರಲ್ಲಿ ಒಂದಾಗಿ ಡೈಮ್ಲರ್-ಬೆಂಝ್ ಆದವು.

ಇನ್ನು ಮುಂದಿನ ಭಾಗವನ್ನು ಜಾಹೀರಾತುಗಳು ಹೇಳುವುದಿಲ್ಲ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಅವನು ಮೆರೆದದ್ದು ಈ ಕಂಪನಿಯ ದೊಡ್ಡ ಕಾರಿನಲ್ಲಿ. ಮ್ಯೂನಿಕ್ ಶಾಖೆಯಲ್ಲಿ ಅವನಿಗೆ ಕಾರು ಮಾರುತ್ತಿದ್ದ ಗೆಳೆಯ ಯಾಕೋಬ್ ವೆರ್ಲಿನ್ ಕಂಪನಿಯ ಆಡಳಿತ ಮಂಡಳಿಗೇ ಏರಿದ. ಯಾವ ಹೆಣ್ಣುಮಗಳ ಹೆಸರನ್ನು ಕಂಪನಿ ಹಣೆಗೆ ಹಚ್ಚಿಕೊಂಡಿತ್ತೋ ಆಕೆಯ ಅಜ್ಜ ಅಡಾಲ್ಫ್ ಯೆಲಿನೆಕ್ ವಿಯೆನ್ನಾದ ಹೆಸರಾಂತ ಯಹೂದಿ ಧರ್ಮಗುರು. ಯಹೂದಿ ಮನೆತನದ ಹೆಸರು ಹೊತ್ತ ಕಾರಿನಲ್ಲಿ ಯಹೂದಿಗಳನ್ನು ಕೊಲ್ಲಿಸಿದವನು ಕೈ ಎತ್ತಿ ನಿಂತ. ಬಂಡವಾಳಕ್ಕೆ ನಾಚಿಕೆ ಎಂಬುದು ಇಲ್ಲ.

ಯುದ್ಧ ಬೆಳೆದಂತೆ ಜರ್ಮನ್ ಗಂಡಸರು ದಂಡಿಗೆ ಹೋದರು. ಕಾರ್ಖಾನೆಗೆ ಕೈಗಳು ಬೇಕಾದವು. ಗೆದ್ದ ನಾಡುಗಳಿಂದ ಗಂಡಸರು, ಹೆಂಗಸರು, ಹುಡುಗರನ್ನು ಹಿಡಿದು ತಂದರು. ಯುದ್ಧಕೈದಿಗಳನ್ನು ತಂದರು. ಕೊನೆಗೆ ಸೆರೆ ಶಿಬಿರಗಳಿಂದ ಬಂದಿಗಳನ್ನು ತಂದರು. 1944ರಲ್ಲಿ ಡೈಮ್ಲರ್-ಬೆಂಝ್‌ನಲ್ಲಿ ದುಡಿಯುತ್ತಿದ್ದ 63,610 ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಹೀಗೆ ಬಲವಂತಕ್ಕೆ ಸಿಕ್ಕವರು.

ಇದರಲ್ಲಿ ಮನ್‌ಹೈಮಿನ ಒಂದು ಸಂಗತಿಯನ್ನು ಹಳ್ಳಿಯ ಶಿಕ್ಷಕರು ವಿಶೇಷವಾಗಿ ಗಮನಿಸಬೇಕು. 1944ರಲ್ಲಿ ವಾರ್ಸಾದ ಜನ ನಾಜಿಗಳ ವಿರುದ್ಧ ಬಂಡೆದ್ದಾಗ ಸಾವಿರಾರು ಜನರನ್ನು ಹಿಡಿದು ಶಿಬಿರಗಳಿಗೆ ಅಟ್ಟಿದರು. ಅವರಲ್ಲಿ ಸಾವಿರಕ್ಕೂ ಮಿಕ್ಕಿ ಗಂಡಸರನ್ನು ಆ ವರ್ಷದ ಸೆಪ್ಟೆಂಬರಿನಲ್ಲಿ ಡಾಖಾವ್ ಶಿಬಿರದಿಂದ ಮನ್‌ಹೈಮಿನ ಸಾಂಡ್‌ಹೋಫನ್ ಬಡಾವಣೆಗೆ ತಂದು ಒಂದು ಶಾಲೆಯ ಕಟ್ಟಡದಲ್ಲಿ ತುಂಬಿದರು. ಹೌದು, ಮಕ್ಕಳು ಅಕ್ಷರ ಕಲಿಯುವ ಶಾಲೆಯಲ್ಲಿ. ದಿನಾ ಅಲ್ಲಿಂದ ಊರಿನ ಬೀದಿಯಲ್ಲಿ ನಡೆಸಿಕೊಂಡು ಡೈಮ್ಲರ್-ಬೆಂಝ್ ಕಾರ್ಖಾನೆಗೆ ಒಯ್ದು ಲಾರಿ ಮಾಡಿಸಿದರು. ಇಕ್ಕೆಲದ ಮನೆಗಳ ಜನ ಕಿಟಕಿಯಿಂದ ನೋಡುತ್ತಿದ್ದರು. 1945ರ ಜನವರಿಯಲ್ಲಿ, ಕೆಲಸ ಕೆಡಿಸಿದ ಎಂಬ ಆರೋಪ ಹೊರಿಸಿ ಒಬ್ಬ ಬಂದಿಯನ್ನು ಉಳಿದವರ ಕಣ್ಣೆದುರೇ ಶಾಲೆಯ ಅಂಗಳದಲ್ಲಿ ಕೊಂದರು. ಬರ್ಟಾ ಬೆಂಝ್ ಗಾಡಿ ಹೊರಡಿಸಿದ ಊರೇ ಇದು. ಅವಳ ಗಾಡಿಗೂ ಈ ಬಂದಿಗಳ ನಡಿಗೆಗೂ ನಡುವೆ ಇದ್ದದ್ದು 56 ವರ್ಷ.

ಇದನ್ನು ಓದುವಾಗ ನಮಗೆ ನಮ್ಮ ಬಿಟ್ಟಿ ನೆನಪಾಗದೆ ಇರದು. ನಿಜಾಮನ ರಾಜ್ಯದಲ್ಲಿ, 1948ರ ಸೆಪ್ಟೆಂಬರ್ 17ರವರೆಗೆ ಮಳಖೇಡವೂ ಅದರೊಳಗೇ ಇತ್ತು, ದೇಶಮುಖ, ಪಟೇಲ, ಪಟವಾರಿಗಳು ಕರೆದಾಗ ಹೊಲೆಯರು, ಮಾದಿಗರು ಎದ್ದು ಹೋಗಬೇಕು. ಸಾಹೇಬರು ಬಂದರೆ ಗಂಟು ಹೊರಬೇಕು, ಕಟ್ಟಿಗೆ ಒಡೀಬೇಕು, ಸತ್ತ ದನ ಎಳೀಬೇಕು, ಸುದ್ದಿ ಒಯ್ಯಲಿಕ್ಕೆ ಊರಿಂದ ಊರಿಗೆ ಓಡಬೇಕು. ಕೂಲಿ ಕೇಳಿದರೆ ‘ಇದು ನಿನ್ನ ಹುಟ್ಟಿನ ಕೆಲಸ’ ಎಂಬ ಉತ್ತರ. ನಾಜಿ ಸೆರೆ ಶಿಬಿರವೂ ಊರಿನ ಬಿಟ್ಟಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಕೊಲ್ಲುವ ಯೋಜನೆಯೇ ಇತ್ತು, ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜೀವ ಹೋದವು. ಇಲ್ಲಿ ತಲೆಮಾರುಗಳ ಬೆನ್ನು ಬಾಗಿತು. ಆದರೆ ಎರಡರ ಬುಡದಲ್ಲಿರುವ ನಂಬಿಕೆ ಒಂದೇ: ಕೆಲವರು ಹುಟ್ಟಿನಿಂದಲೇ ಕೀಳು, ಅವರ ದುಡಿಮೆಗೆ ಬೆಲೆ ಕಟ್ಟಬೇಕಾಗಿಲ್ಲ. ಅಲ್ಲಿ ಅದಕ್ಕೆ ಜನಾಂಗ ಶುದ್ಧಿ ಎಂದರು, ಇಲ್ಲಿ ಧರ್ಮ ಎಂದರು.

ಮುಂದೆ ಏನಾಯಿತು ಎಂಬುದು ಮುಖ್ಯ. ಯುದ್ಧ ಮುಗಿದು ನಾಲ್ಕು ದಶಕ ಕಂಪನಿ ಈ ಬಗ್ಗೆ ಬಾಯಿ ಬಿಚ್ಚಿ ಮಾತಾಡಲಿಲ್ಲ. ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನಡೆಸಿದ ಅಡಾಲ್ಫ್ ಐಖ್‌ಮನ್, ಸುಳ್ಳು ಹೆಸರಿಟ್ಟುಕೊಂಡು ಕೆಲಸಕ್ಕಿದ್ದದ್ದು ಅರ್ಜೆಂಟೀನಾದ ಇದೇ ಕಂಪನಿಯ ಕಾರ್ಖಾನೆಯಲ್ಲಿ. 1960ರಲ್ಲಿ ಅವನು ಸಿಕ್ಕಿಬಿದ್ದ. ಅಲ್ಲಿಯೇ 1976ರಿಂದ 1983ರವರೆಗಿನ ಸೈನಿಕ ಆಡಳಿತದಲ್ಲಿ ಕಾರ್ಮಿಕ ಸಂಘಟಕರು ಮಾಯವಾದರು. ಅದರಲ್ಲಿ ಕಂಪನಿಯ ಕೈ ಇತ್ತೆಂದು ಆರೋಪಿಸಿ ಮನೆಯವರು ಅಮೆರಿಕದ ಕೋರ್ಟಿಗೆ ಹೋದರು. ಈ ಮೊಕದ್ದಮೆಯನ್ನು ಇಲ್ಲಿ ನಡೆಸಲಾಗದು ಎಂದು 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆರೋಪ ನಿಜವೋ ಸುಳ್ಳೋ ಎಂಬ ವಿಚಾರಣೆಗೇ ಅದು ಹೋಗಲಿಲ್ಲ.

ಆದರೂ ಜರ್ಮನಿಯಲ್ಲಿ ಸಂಶೋಧಕರು, ಬದುಕಿ ಉಳಿದವರು, ಊರಿನ ಸಾಮಾನ್ಯ ಜನ ಬಿಡಲಿಲ್ಲ. ಕಂಪನಿಯ ನೂರನೇ ವರ್ಷದ ಉತ್ಸವ 1986ರಲ್ಲಿ ಬಂದಾಗ ಪ್ರಶ್ನೆ ಜೋರಾಯಿತು, ಕಡತಗಳು ತೆರೆದವು. 1988ರಲ್ಲಿ ಕಂಪನಿ 2 ಕೋಟಿ ಮಾರ್ಕ್ ಕೊಟ್ಟಿತು. 1990ರಲ್ಲಿ ಸಾಂಡ್‌ಹೋಫನ್ನಿನ ಅದೇ ಶಾಲೆಯಲ್ಲಿ ಬಂದಿಗಳ ನೆನಪಿನ ಕೋಣೆ ತೆರೆಯಿತು. 2000ದಲ್ಲಿ ಸರ್ಕಾರ ಮತ್ತು ಉದ್ಯಮಗಳು ಸೇರಿ 1,000 ಕೋಟಿ ಮಾರ್ಕಿನ ನಿಧಿ ಕಟ್ಟಿದವು. ಹದಿನಾರು ಲಕ್ಷಕ್ಕೂ ಮಿಕ್ಕ ಜನರಿಗೆ ಅದರಿಂದ ಹಣ ಹೋಯಿತು. ಸೆರೆ ಶಿಬಿರದಲ್ಲಿ ದುಡಿದವರಿಗೆ ಹೆಚ್ಚೆಂದರೆ ತಲಾ 15,000 ಮಾರ್ಕ್. ಅಷ್ಟೊತ್ತಿಗೆ ಎಷ್ಟೋ ಜನ ಸತ್ತುಹೋಗಿದ್ದರು. ತಡವಾಯಿತು, ಕಡಿಮೆಯಾಯಿತು, ನಿಜ. ಆದರೆ ಎಣಿಸಿದರು. ಇಷ್ಟು ಜನ, ಇಂಥ ಊರಿನವರು, ಇಂಥ ಕೆಲಸ ಮಾಡಿದರು ಎಂದು ಬರೆದಿಟ್ಟರು.

ನಾವು ಎಣಿಸಿದ್ದೇವೆಯೇ? ನಮ್ಮ ಸಂವಿಧಾನದ 23ನೇ ವಿಧಿ 1950ರಲ್ಲೇ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. ಜೀತ ರದ್ದಾದ ಕಾಯಿದೆ ಬಂದದ್ದು 1976ರಲ್ಲಿ. ಕಾಗದದ ಮೇಲೆ ಎಲ್ಲಾ ಅದ. ಆದರೆ ಯಾವ ಊರಿನಲ್ಲಿ ಎಷ್ಟು ಮನೆಗಳು ಎಷ್ಟು ತಲೆಮಾರು ಬಿಟ್ಟಿ ಮಾಡಿದವು, ಅದರಿಂದ ಯಾರ ಹೊಲ ಬೆಳೆಯಿತು, ಯಾರ ವಾಡೆ ಎದ್ದಿತು ಎಂಬ ಲೆಕ್ಕಪತ್ರ ಎಲ್ಲಿದೆ? ಯಾವ ದೇಶಮುಖರ ಮನೆತನವನ್ನು ಯಾರು ಕರೆದು ಕೇಳಿದ್ದಾರೆ?

ಬೆಂಝ್ ಹೆಸರು ಇವತ್ತಿಗೂ ದೊಡ್ಡದು. ಅವರ ಯಂತ್ರ ಒಳ್ಳೆಯದು ಎಂಬುದನ್ನು ನಾವು ಅಲ್ಲಗಳೆಯಬೇಕಾಗಿಲ್ಲ. ಕಾರು ಪುಣೆಯಲ್ಲಿ 1995ರಿಂದ ತಯಾರಾಗುತ್ತಿದೆ. ಬೆಂಗಳೂರಿನಲ್ಲಿ 1996ರಿಂದ ಅವರ ಸಂಶೋಧನಾ ಕೇಂದ್ರ ಇದೆ. ಚೆನ್ನೈ ಹತ್ತಿರದ ಕಾರ್ಖಾನೆಯ ಭಾರತ್‌ಬೆಂಝ್ ಲಾರಿಗಳು 2012ರಲ್ಲಿ ಮಾರುಕಟ್ಟೆಗೆ ಬಂದವು. ಡೀಸೆಲ್ ಹೊಗೆಯ ಲೆಕ್ಕದಲ್ಲಿ ಮೋಸ ಮಾಡಿದರೆಂಬ ಆರೋಪಕ್ಕೆ 2020ರಲ್ಲಿ ಅಮೆರಿಕದ ಸರ್ಕಾರಗಳಿಗೆ ಸುಮಾರು 150 ಕೋಟಿ ಡಾಲರ್ ಕೊಡಲು ಒಪ್ಪಿದರು, ತಪ್ಪನ್ನು ಮಾತ್ರ ಒಪ್ಪಲಿಲ್ಲ. ಅದಾದ ಮೇಲೂ ಹೆಸರು ಹಾಗೇ ನಿಂತಿದೆ. ನಮ್ಮಲ್ಲಿ ಸಾಹುಕಾರ ಎಂದರೆ ಬೆಂಝ್ ಕಾರು ಎಂಬ ನಂಬಿಕೆ ಹೋಗಿಲ್ಲ. ಬೆಂಗಳೂರಿನ ಇಂಥ ಕೇಂದ್ರಗಳ ಕುರ್ಚಿಗಳಲ್ಲಿ ನಮ್ಮ ಕೇರಿಗಳಿಂದ ಹೋದವರು ಎಷ್ಟು ಜನ ಎಂದು ಕೇಳಿದರೆ, ಖಾಸಗಿ ವಲಯಕ್ಕೆ ಮೀಸಲಾತಿ ಇಲ್ಲವಾದ್ದರಿಂದ, ಎಣಿಸುವ ಕೆಲಸವೇ ಯಾರಿಗೂ ಇಲ್ಲ.

ಮಳಖೇಡದಲ್ಲಿ 1984ರಿಂದ ಸಿಮೆಂಟ್ ಕಾರ್ಖಾನೆ ನಡೆಯುತ್ತಿದೆ. ವಾಡಿಯಲ್ಲಿ, ಸೇಡಂನಲ್ಲಿ ದೊಡ್ಡ ಚಿಮಣಿಗಳಿವೆ. ಲಾರಿಗಳು ಹಗಲಿರುಳು ಓಡುತ್ತವೆ. ಈ ಕಂಪನಿಗಳೂ ನಾಳೆ ಐವತ್ತನೇ ವರ್ಷ, ನೂರನೇ ವರ್ಷ ಎಂದು ಬಣ್ಣದ ಪುಸ್ತಕ ಅಚ್ಚು ಹಾಕಿಸುತ್ತವೆ. ಅದರಲ್ಲಿ ಮಾಲೀಕರ ಫೋಟೋ ಇರುತ್ತದೆ. ಭೂಮಿ ಬಿಟ್ಟುಕೊಟ್ಟವರ, ಗುತ್ತಿಗೆಯ ಮೇಲೆ ಚೀಲ ಹೊತ್ತವರ, ಧೂಳು ನುಂಗಿದವರ ಹೆಸರು ಇರುತ್ತದೆಯೇ? ಅವರು ಬರೆಯಲಿ ಎಂದು ಕಾಯುತ್ತಾ ಕೂತರೆ ಜರ್ಮನಿಯವರಂತೆ ನಾಲ್ಕು ದಶಕ ಹೋಗುತ್ತದೆ, ಕೇಳಬೇಕಾದ ಮುದುಕರು ಅಷ್ಟರಲ್ಲಿ ಇರುವುದಿಲ್ಲ.

ಆದ್ದರಿಂದ ಕೆಲಸ ನಮ್ಮದೇ. ಪ್ರತಿ ಊರಿನ ಶಿಕ್ಷಕರು, ಕಾಲೇಜು ಹುಡುಗ-ಹುಡುಗಿಯರು ಒಂದು ನೋಟುಬುಕ್ಕು ಹಿಡಿದು ಕೇರಿಗೆ ಹೋಗಿ. ವಯಸ್ಸಾದ ಆಯಿ, ಮುತ್ಯಾಗಳ ಹತ್ರ ಕೂತು ಕೇಳಿ: ಯಾರ ಮನಿಗೆ ಬಿಟ್ಟಿ ಹೋಗತಿದ್ರಿ, ಏನು ಕೆಲಸ, ಏನು ಕೊಡತಿದ್ರು, ಯಾವ ಖಣಿಯಾಗ ದುಡದ್ರಿ, ಯಾರು ಯಾರು ಅಲ್ಲೇ ಸತ್ರು. ಹೇಳಿದವರು ಒಪ್ಪಿದರೆ ಹೆಸರು ಬರೆಯಿರಿ, ತಿಂಗಳು-ವರ್ಷ ಬರೆಯಿರಿ. ಸಾಂಡ್‌ಹೋಫನ್ನಿನ ನೆನಪಿನ ಕೋಣೆ ಒಂದು ಶಾಲೆಯಲ್ಲಿದೆ. ನಮ್ಮ ನೋಟುಬುಕ್ಕನ್ನೂ ಊರಿನ ಶಾಲೆಯ ಕಪಾಟಿನಲ್ಲಿಡಬಹುದು. ರಾಷ್ಟ್ರಕೂಟರ ಪಾಠ ಬಂದ ದಿನ ಮಾಸ್ತರರು ಅದನ್ನು ತೆಗೆದು ಮಕ್ಕಳ ಎದುರು ಓದಲಿ.