ಜಿಲ್ಲೆಗೊಬ್ಬ ಜಟ್ಟಿ: ಗಡಿಯ ಎರಡೂ ಬದಿಯ ಕುಸ್ತಿ ಕಲಿಗಳು

ಅಮೆರಿಕದಲ್ಲಿ ವೃತ್ತಿಪರ ಕುಸ್ತಿಗೆ ಅಪಾರ ಅಭಿಮಾನಿಗಳಿದ್ದಾರೆ. ಅಲ್ಲಿನ ಪ್ರತಿಯೊಂದು ರಾಜ್ಯಕ್ಕೂ ಒಬ್ಬೊಬ್ಬ ಶ್ರೇಷ್ಠ ಮಲ್ಲನನ್ನು ಆರಿಸಿ ಚರ್ಚಿಸುವುದು ಆ ಅಭಿಮಾನಿಗಳ ಪ್ರಿಯವಾದ ಹವ್ಯಾಸ. ದೂರದರ್ಶನದ ಮೂಲಕ ಆ ಕುಸ್ತಿಯನ್ನು ಕಂಡು ಬೆಳೆದ ನಮ್ಮ ಮಕ್ಕಳಿಗೆ ಅಲ್ಲಿನ ಹೆಸರುಗಳೆಲ್ಲ ಬಾಯಿಪಾಠ. ಆದರೆ ಆ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಗೆಲುವು ಕೊನೆಯ ಕ್ಷಣದವರೆಗೂ ತಿಳಿಯದಂತಹ ಕುಸ್ತಿ ನಾವು ನೆಲೆಸಿರುವ ಪ್ರದೇಶದಲ್ಲಿಯೇ, ನಮ್ಮ ಮನೆಯ ಅಂಗಳದಷ್ಟು ಸಮೀಪದಲ್ಲಿ ನಡೆಯುತ್ತ ಬಂದಿದೆ. ಆದ್ದರಿಂದ ಅದೇ ಮಾದರಿಯಲ್ಲಿ, ಜಿಲ್ಲೆಗೊಬ್ಬರಂತೆ, ಮಹಾರಾಷ್ಟ್ರ ಹಾಗೂ ಕರ್ನಾಟಕದ ಜಟ್ಟಿಗಳ ಪರಿಚಯವನ್ನು ಓದುಗರ ಮುಂದಿಡಲು ಬಯಸಿದ್ದೇವೆ. ಎಲ್ಲ ಜಿಲ್ಲೆಗಳಿಗೂ ಸಮಾನ ಸ್ಥಾನ ನೀಡಲು ಇಲ್ಲಿ ಸಾಧ್ಯವಾಗಿಲ್ಲ. ಕುಸ್ತಿಯೂ ಎಲ್ಲ ಜಿಲ್ಲೆಗಳಿಗೆ ಸಮಾನವಾಗಿ ಒಲಿದಿಲ್ಲ.

ಬಾರಾಮತಿ ಮತ್ತು ಪುಣೆ

ಕರ್ಹಾ ನದಿಯ ದಡದ ಬಾರಾಮತಿ ಸಕ್ಕರೆಯ ಸೀಮೆ. ಮರಾಠಿ ಕವಿ ಮೋರೋಪಂತರು ಬಾಳಿದ ಊರು ಎಂಬುದು ಸಾಹಿತ್ಯಾಸಕ್ತರಿಗೆ ತಿಳಿದ ವಿಷಯ. ಸುತ್ತಲಿನ ಹಳ್ಳಿಗಳ ಜಾತ್ರೆಗಳಲ್ಲಿ ಪಲ್ಲಕ್ಕಿಯ ಉತ್ಸವದಷ್ಟೇ ಮುಖ್ಯವಾದದ್ದು ಕುಸ್ತಿಯ ಮೈದಾನ. ಹಲಗಿಯ ಸದ್ದಿನ ನಡುವೆ ಹಿರಿಯರು ಮೈಕಟ್ಟು ನೋಡಿ ಜೋಡಿ ಕಟ್ಟುತ್ತಾರೆ. ಮೊದಲು ಚಿಕ್ಕ ಹುಡುಗರ ಕುಸ್ತಿ, ಸಂಜೆಯಾಗುತ್ತಿದ್ದಂತೆ ದೊಡ್ಡ ಇನಾಮಿನ ಕುಸ್ತಿ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ತಮ್ಮೂರ ಜಾತ್ರೆಯಂತೆಯೇ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಬಾರಾಮತಿಗೂ ಕುಸ್ತಿಯ ಆಡಳಿತಕ್ಕೂ ಇನ್ನೊಂದು ನಂಟಿದೆ. ಮಾಮಾಸಾಹೇಬ ಮೋಹೋಳರ ನೇತೃತ್ವದಲ್ಲಿ 1953ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ರಾಜ್ಯ ಕುಸ್ತೀಗೀರ ಪರಿಷತ್ತಿಗೆ ಈ ಊರಿನವರಾದ ಶರದ್ ಪವಾರರು ದೀರ್ಘಕಾಲ ಅಧ್ಯಕ್ಷರಾಗಿದ್ದರು. 2022ರಲ್ಲಿ ಭಾರತೀಯ ಕುಸ್ತಿ ಮಹಾಸಂಘವು ಪರಿಷತ್ತನ್ನು ವಿಸರ್ಜಿಸಿತು. ಮುಂದಿನ ವರ್ಷದ ಪರಿಣಾಮ ವಿಚಿತ್ರವಾಗಿತ್ತು: 2023ರ ನವೆಂಬರಿನಲ್ಲಿ ಎರಡು ಬಣಗಳು ಎರಡು ಪ್ರತ್ಯೇಕ ‘ಮಹಾರಾಷ್ಟ್ರ ಕೇಸರಿ’ ಸ್ಪರ್ಧೆಗಳನ್ನು ನಡೆಸಿದವು. ಫುಲ್‌ಗಾಂವದಲ್ಲಿ ಸೊಲ್ಲಾಪುರ ಜಿಲ್ಲೆಯ ಸಿಕಂದರ್ ಶೇಖ್, ಧಾರಾಶಿವದಲ್ಲಿ ಪುಣೆ ಜಿಲ್ಲೆಯ ಶಿವರಾಜ ರಾಕ್ಷೆ ವಿಜಯಿಗಳಾದರು. ಒಂದು ಗದೆಗಾಗಿ ಬಾಲ್ಯವನ್ನೆಲ್ಲ ಮಣ್ಣಿನಲ್ಲಿ ಕಳೆದ ತರುಣರ ಪಾಲಿಗೆ ಒಂದೇ ತಿಂಗಳಲ್ಲಿ ಇಬ್ಬರು ಕೇಸರಿಗಳು ಹುಟ್ಟುವುದು ಗೌರವದ ಸಂಗತಿಯಲ್ಲವೆಂದೇ ನಮ್ಮ ಅಭಿಪ್ರಾಯ.

ಪುಣೆ ನಗರದ ಚಿಂಚೇಚಿ ತಾಲೀಮು, ಗೋಕುಲ ವಸ್ತಾದ ತಾಲೀಮು ಮುಂತಾದ ಗರಡಿಗಳು ಇಂದಿಗೂ ಹೆಸರುವಾಸಿಯಾಗಿವೆ. ಈ ಜಿಲ್ಲೆಯಿಂದ ಹಿರಾಮಣ ಬನಕರ (1976), ಅಮೋಲ ಬುಚಡೆ (2006), ಅಭಿಜಿತ ಕಟಕೆ (2017) ಮಹಾರಾಷ್ಟ್ರ ಕೇಸರಿಗಳಾದರು. ಕಟಕೆಯವರು 2023ರಲ್ಲಿ ಹಿಂದ್ ಕೇಸರಿ ಬಿರುದನ್ನೂ ಪಡೆದರು. 2025ರ ಆರಂಭದಲ್ಲಿ ಅಹಿಲ್ಯಾನಗರದಲ್ಲಿ ಪೃಥ್ವಿರಾಜ ಮೋಹೋಳ ಗದೆಯನ್ನು ಮತ್ತೆ ಪುಣೆಗೆ ತಂದರು.

ಸಾತಾರಾ

ಇಲ್ಲಿ ಆಯ್ಕೆಗೆ ಚರ್ಚೆಯೇ ಬೇಕಿಲ್ಲ. ಕರಾಡದ ಬಳಿಯ ಗೋಳೇಶ್ವರ ಗ್ರಾಮದಲ್ಲಿ 1926ರ ಜನವರಿ 15ರಂದು ಜನಿಸಿದ ಖಾಶಾಬಾ ದಾದಾಸಾಹೇಬ ಜಾಧವರು ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನ ಮೊದಲ ವೈಯಕ್ತಿಕ ಪದಕ ತಂದವರು. 1948ರ ಲಂಡನ್ ಕ್ರೀಡಾಕೂಟದಲ್ಲಿ ಅವರಿಗೆ ಆರನೆಯ ಸ್ಥಾನ ದೊರೆಯಿತು. ಮಣ್ಣಿನ ಮೇಲೆ ಪಳಗಿದವರಿಗೆ ಮ್ಯಾಟಿನ ಮೇಲಿನ ಕುಸ್ತಿ ಹೊಸತಾಗಿತ್ತು.

1952ರಲ್ಲಿ ಹೆಲ್ಸಿಂಕಿಗೆ ತೆರಳಲು ಹಣವಿಲ್ಲದಾಗ ಅವರು ಓದಿದ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೇಕರರು ತಮ್ಮ ಮನೆಯನ್ನೇ ಅಡವಿಟ್ಟು 7000 ರೂಪಾಯಿ ಒದಗಿಸಿದರು. ಊರಿನವರೂ ಚಂದಾ ಎತ್ತಿದರು. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಅಡಮಾನ ಪತ್ರಗಳನ್ನು ಪರಿಶೀಲಿಸಿದ ನಮ್ಮಂಥವರಿಗೆ ಈ ಸಾಲದ ಉದ್ದೇಶ ಓದಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ. ಮಗಳ ಮದುವೆಗಾಗಿ, ಬಾವಿಗಾಗಿ, ಅಂಗಡಿಗಾಗಿ ಮನೆ ಅಡವಿಡುವವರನ್ನು ಕಂಡಿದ್ದೇವೆ. ವಿದ್ಯಾರ್ಥಿಯ ಕುಸ್ತಿಗಾಗಿ ಅಡವಿಟ್ಟವರು ಇವರೊಬ್ಬರೇ.

ಬ್ಯಾಂಟಮ್‌ವೇಟ್ ವಿಭಾಗದಲ್ಲಿ ಜಪಾನಿನ ಶೋಹಾಚಿ ಇಶಿಯಿ ಚಿನ್ನ ಗೆದ್ದರು, ಸೋವಿಯತ್ ಒಕ್ಕೂಟದ ರಶೀದ್ ಮಮೆದ್‌ಬೆಕೋವ್ ಬೆಳ್ಳಿ ಪಡೆದರು, ಜಾಧವರಿಗೆ ಕಂಚು ಲಭಿಸಿತು. ಊರಿಗೆ ಮರಳಿದಾಗ 151 ಜೋಡೆತ್ತಿನ ಬಂಡಿಗಳ ಮೆರವಣಿಗೆ ಅವರನ್ನು ಕರೆದೊಯ್ದಿತು. ಮುಂದೆ ಪೊಲೀಸ್ ಇಲಾಖೆ ಸೇರಿದರು. ಗೌರವಗಳು ಮಾತ್ರ ತಡವಾಗಿ ಬಂದವು: 1984ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು, ಅರ್ಜುನ ಪ್ರಶಸ್ತಿ ಬಂದದ್ದು ಮರಣೋತ್ತರವಾಗಿ. ಮುಂದಿನ ವೈಯಕ್ತಿಕ ಒಲಿಂಪಿಕ್ ಪದಕಕ್ಕೆ ದೇಶವು 1996ರಲ್ಲಿ ಲಿಯಾಂಡರ್ ಪೇಸ್ ಗೆಲ್ಲುವವರೆಗೆ, ಅಂದರೆ 44 ವರ್ಷ, ಕಾಯಬೇಕಾಯಿತು.

ಸಾಂಗಲಿ ಮತ್ತು ಲಾತೂರು

ಮೊದಲ ಮಹಾರಾಷ್ಟ್ರ ಕೇಸರಿ ದಿನಕರ ದಹ್ಯಾರಿ (1961) ಸಾಂಗಲಿಯವರು. ಆದರೆ ಜಿಲ್ಲೆಗೊಬ್ಬರನ್ನೇ ಆರಿಸಬೇಕೆಂದರೆ ಇಲ್ಲಿ ಕಷ್ಟ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಜಿಲ್ಲೆಯ ಇಬ್ಬರು ಚಿನ್ನ ಗೆದ್ದರು. ಕವಠೆ ಪಿರಾಣದ ಮಾರುತಿ ಮಾನೆ ಫ್ರೀಸ್ಟೈಲ್‌ನಲ್ಲಿ, ಪುನವತದ ಗಣಪತರಾವ್ ಆಂದಳಕರ ಗ್ರೀಕೊ ರೋಮನ್‌ನಲ್ಲಿ. ಆಂದಳಕರರು 1960ರಲ್ಲಿ, ಮಾನೆಯವರು 1964ರಲ್ಲಿ ಹಿಂದ್ ಕೇಸರಿಗಳು. ಆಂದಳಕರರು 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿಯೂ ದೇಶವನ್ನು ಪ್ರತಿನಿಧಿಸಿ, ಬಳಿಕ ಗುರುವಾಗಿ ಅನೇಕರನ್ನು ತಯಾರು ಮಾಡಿದರು. ಆದ್ದರಿಂದ ನಮ್ಮ ಮತ ಆಂದಳಕರರಿಗೆ. ಮಾನೆಯವರ ಅಭಿಮಾನಿಗಳು ಕ್ಷಮಿಸಬೇಕು.

ಲಾತೂರಿನ ಹರಿಶ್ಚಂದ್ರ ಬಿರಾಜದಾರರು 1969ರ ಮಹಾರಾಷ್ಟ್ರ ಕೇಸರಿ, 1970ರ ಎಡಿನ್‌ಬರೋ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನದ ವಿಜೇತರು. ದಿಲ್ಲಿಯ ಸತ್ಪಾಲರನ್ನು ಅವರು ಬೆಳಗಾವಿಯಲ್ಲಿ ಚಿತ್ ಮಾಡಿದ ಕುಸ್ತಿಯನ್ನು ಗಡಿಯ ಎರಡೂ ಕಡೆಯ ಹಿರಿಯರು ನೆನೆಯುತ್ತಾರೆ.

ಕೊಲ್ಹಾಪುರ ಮತ್ತು ಬೆಳಗಾವಿ

ಕುಸ್ತಿಯ ಕಾಶಿ ಎಂದರೆ ಕೊಲ್ಹಾಪುರ. ರಾಜರ್ಷಿ ಶಾಹೂ ಮಹಾರಾಜರು 1902ರ ಯುರೋಪು ಪ್ರವಾಸದಲ್ಲಿ ರೋಮಿನ ಕೊಲೋಸಿಯಂ ಕಂಡು, ಅದೇ ಮಾದರಿಯಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. 1912ರಲ್ಲಿ ಅದು ಸಿದ್ಧವಾಯಿತು. ನೆಲಮಟ್ಟದಿಂದ ಇಳಿಜಾರಾಗಿ ಸುತ್ತುವರಿದ ಆ ಕಣದಲ್ಲಿ ಎಲ್ಲಿ ಕುಳಿತರೂ ಕುಸ್ತಿ ಕಾಣುತ್ತದೆ. ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಬೆರೆಸಿ ಹದಗೊಳಿಸುವ ಕ್ರಮ ಇಲ್ಲಿನ ತಾಲೀಮುಗಳಲ್ಲಿ ಇಂದಿಗೂ ಇದೆ. ಗಂಗಾವೇಶ, ಮೋತಿಬಾಗ, ಶಾಹೂಪುರಿ ತಾಲೀಮುಗಳ ಹೆಸರು ಕೇಳದ ಪೈಲ್ವಾನನಿಲ್ಲ. ಮೋತಿಬಾಗದ ದಾದೂ ಚೌಗುಲೆ 1974ರ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದವರು.

ಆದರೆ ಕೊಲ್ಹಾಪುರದ ಅತ್ಯಂತ ಪ್ರಸಿದ್ಧ ಜಟ್ಟಿ ಕೊಲ್ಹಾಪುರದಲ್ಲಿ ಹುಟ್ಟಿದವರಲ್ಲ. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾಸಿಂಗರನ್ನು ಸೋಲಿಸಿ ದೇಶದ ಮೊಟ್ಟಮೊದಲ ಹಿಂದ್ ಕೇಸರಿ ಎನಿಸಿದ ಶ್ರೀಪತಿ ಖಂಚನಾಳೆಯವರು ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲೂಕಿನ ಯಕ್ಸಂಬೆಯವರು. ಕುಸ್ತಿ ಕಲಿಯಲು ಕೊಲ್ಹಾಪುರದ ಶಾಹೂಪುರಿ ತಾಲೀಮು ಸೇರಿ, ಅಲ್ಲಿಯೇ ನೆಲೆನಿಂತು, 2020ರ ಡಿಸೆಂಬರ್ 14ರಂದು ಅಲ್ಲಿಯೇ ಕಣ್ಮುಚ್ಚಿದರು. ಮಹಾರಾಷ್ಟ್ರದ ಬರಹಗಳಲ್ಲಿ ಅವರು ಕೊಲ್ಹಾಪುರದ ಪೈಲ್ವಾನರು. ಕರ್ನಾಟಕದ ಎಷ್ಟು ಶಾಲೆಗಳಲ್ಲಿ ಅವರ ಹೆಸರು ಕೇಳಿಬರುತ್ತದೆಯೋ ಓದುಗರೇ ವಿಚಾರಿಸಿ ನೋಡಬಹುದು. ಹುಟ್ಟಿದ ನೆಲ ಒಂದು, ಅನ್ನ ಕೊಟ್ಟು ಪಟ್ಟು ಕಲಿಸಿದ ನೆಲ ಇನ್ನೊಂದು. ಮಹಾರಾಷ್ಟ್ರದಲ್ಲಿ ಮನೆ ಕಟ್ಟಿಕೊಂಡ ನಮ್ಮೆಲ್ಲರ ಸ್ಥಿತಿಯೂ ಇದೇ ಅಲ್ಲವೇ! ಹಾಗಾಗಿ ಈ ಪಟ್ಟಿಯಲ್ಲಿ ಅವರನ್ನು ಎರಡೂ ಜಿಲ್ಲೆಗಳ ಲೆಕ್ಕಕ್ಕೆ ಜಮಾ ಮಾಡಿದ್ದೇವೆ.

ಬಾಗಲಕೋಟೆ, ಹಳಿಯಾಳ

ಇತ್ತೀಚಿನವರಲ್ಲಿ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ ಗಮನಾರ್ಹರು. 2020ರಲ್ಲಿ ದಿಲ್ಲಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನ ಗ್ರೀಕೊ ರೋಮನ್ 55 ಕಿಲೋ ವಿಭಾಗದಲ್ಲಿ ಕಂಚು ಗೆದ್ದರು. ಉತ್ತರ ಕನ್ನಡದ ಹಳಿಯಾಳದಲ್ಲಿ ಹೆಣ್ಣುಮಕ್ಕಳೂ ಕಣಕ್ಕಿಳಿದಿದ್ದಾರೆ. ಸಿದ್ದಿ ಸಮುದಾಯದ ಲೀನಾ ಸಿದ್ದಿಯವರ ಹೆಸರು ಅವರಲ್ಲಿ ಪ್ರಮುಖವಾದುದು. ಗರಡಿಯ ಹೊಸ್ತಿಲನ್ನು ಹೆಂಗಸರು ತುಳಿಯಬಾರದೆಂಬ ಕಾಲವನ್ನು ಕಂಡ ನಮಗೆ ಇದು ಸಂತೋಷದ ಸಂಗತಿ.

ಮೈಸೂರು

ಮೈಸೂರಿನ ಕುಸ್ತಿಯ ಬೇರುಗಳು ಬಹಳ ಆಳವಾಗಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಒಂದು ಪ್ರತ್ಯೇಕ ಭಾಗವೇ ಇದೆ. ಮಲ್ಲರನ್ನು ಸಾಮರ್ಥ್ಯಕ್ಕನುಗುಣವಾಗಿ ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಳ ಎಂದು ಅಲ್ಲಿ ವಿಂಗಡಿಸಲಾಗಿದೆ. ಇಂದಿನ ತೂಕದ ವಿಭಾಗಗಳನ್ನು ಪಶ್ಚಿಮದ ಕೊಡುಗೆಯೆಂದು ಭಾವಿಸುವವರು ಇದನ್ನು ಗಮನಿಸಬೇಕು. ಜಟ್ಟಿ ಎಂಬ ನಮ್ಮ ಮಾತೂ ಜ್ಯೇಷ್ಠಿಕದಿಂದ ಬಂದುದೆಂದು ಹೇಳುತ್ತಾರೆ.

ಮೈಸೂರಿಗೆ ಒಬ್ಬನನ್ನೇ ಆರಿಸಬೇಕೆಂದರೆ ನಾವು ಅರಸನನ್ನೇ ಹೆಸರಿಸುತ್ತೇವೆ: 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು. ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಅಜೇಯ ಮಲ್ಲನನ್ನು ಗೆದ್ದರೆಂಬ ಕಥೆ ಜನಜನಿತವಾಗಿದೆ. 1960ರಲ್ಲಿ ಡಾ. ರಾಜಕುಮಾರರ ಚಲನಚಿತ್ರ ಅದನ್ನು ಮನೆಮನೆಗೆ ತಲುಪಿಸಿತು. ದಸರೆಯ ಸಂದರ್ಭದಲ್ಲಿ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿ ಮನೆತನದವರು ಭಾಗವಹಿಸುತ್ತಾರೆ. ಮೊದಲ ಹನಿ ರಕ್ತ ಕಾಣಿಸುತ್ತಲೇ ಕಾಳಗ ಮುಗಿಯುತ್ತದೆ.

ಸಾರ್ವಜನಿಕರಿಗಾಗಿ ದಸರಾ ಕುಸ್ತಿ ಪಂದ್ಯಗಳು ನಗರದ ದೊಡ್ಡಕೆರೆ ಮೈದಾನದ ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣದಲ್ಲಿ ನಡೆಯುತ್ತವೆ. ‘ದಸರಾ ಕೇಸರಿ’, ‘ದಸರಾ ಕುಮಾರ’, ‘ದಸರಾ ಕಿಶೋರಿ’ ಅಲ್ಲಿನ ಬಿರುದುಗಳು. ಪುಣೆ ಹಾಗೂ ಬಾರಾಮತಿಯ ಕುಟುಂಬಗಳಿಗೆ ಇನ್ನೂ ಸಮೀಪದ್ದೆಂದರೆ ಖಾಸಬಾಗ. ಬೇಸಿಗೆಯ ಜಾತ್ರೆಗಳ ಮೈದಾನಗಳಿಗಂತೂ ಸಾಮಾನ್ಯವಾಗಿ ಪ್ರವೇಶಧನವಿರುವುದಿಲ್ಲ. ಮಕ್ಕಳೊಡನೆ ಹೋಗುವವರು ಮಧ್ಯಾಹ್ನ ಮೂರರೊಳಗೆ ತಲುಪಿದರೆ ಚಿಕ್ಕವರ ಕುಸ್ತಿಯನ್ನೂ ಕಾಣಬಹುದು.