ಸ್ಟೆಂಟ್ ಫ್ರೀ, ಆಮೇಲೆ?

ಇವತ್ತಿನ ಎಪಿಸೋಡನ್ನ ನಮ್ಮ ಸೋದರಮಾವನಿಂದ ಶುರು ಮಾಡ್ತೀನಿ. ಮಾವ ತುಮಕೂರಿನಲ್ಲಿ ಗೂಡ್ಸ್ ಆಟೋ ಓಡಿಸ್ತಾರೆ. ಮಂಡಿಯಿಂದ ಅಂಗಡಿಗಳಿಗೆ ಅಕ್ಕಿ ಮೂಟೆ, ಈರುಳ್ಳಿ ಮೂಟೆ. ಕೆಲವು ವರ್ಷದ ಹಿಂದೆ ಒಂದು ಬೆಳಗ್ಗೆ ಎದೆ ಹಿಡ್ಕೊಂಡು ಕೂತುಬಿಟ್ರು. ಹಾರ್ಟ್ ಅಟ್ಯಾಕ್. ಬಿಪಿಎಲ್ ಕಾರ್ಡ್ ಇತ್ತು, ಆಂಜಿಯೋಪ್ಲಾಸ್ಟಿ ಆಯ್ತು, ಸ್ಟೆಂಟ್ ಹಾಕಿದ್ರು. ಬಿಲ್ ಕೌಂಟರ್‌ನಲ್ಲಿ ನಾವು ಒಂದು ರೂಪಾಯಿ ಕಟ್ಟಲಿಲ್ಲ. ಅತ್ತೆ ಆ ಕಾರ್ಡನ್ನ ಕಣ್ಣಿಗೆ ಒತ್ತಿಕೊಂಡಿದ್ದು ನನಗಿನ್ನೂ ನೆನಪಿದೆ.

ಹತ್ತೊಂಬತ್ತನೇ ದಿನ ನೋಡ್ಕೊಂಡು ಬರೋಣ ಅಂತ ಊರಿಗೆ ಹೋದೆ. ಮಾವ ಮನೆಯಲ್ಲಿರಲಿಲ್ಲ. ಮಂಡಿಯಲ್ಲಿದ್ರು, ಬೆನ್ನ ಮೇಲೆ ಮೂಟೆ. ನಾನು ಕಿರುಚಾಡಿದೆ. ಅವರು ಮೂಟೆ ಇಳಿಸಿ, ಬೆವರು ಒರೆಸಿಕೊಂಡು ಹೇಳಿದ್ದು ಇಷ್ಟೇ: "ಏನ್ ಮಾಡ್ಲಿ ಅಳಿಯ, ಎದೆ ರಿಪೇರಿ ಫ್ರೀ ಮಾಡಿದ್ರು. ಆಟೋ ಸಾಲದ ಕಂತು ಯಾರೂ ಫ್ರೀ ಮಾಡಲಿಲ್ವಲ್ಲ."

ಆ ಮಾತೇ ಇವತ್ತಿನ ವಿಷಯ. ಹಾರ್ಟ್ ಅಟ್ಯಾಕ್ ಆದಮೇಲೆ ಆಸ್ಪತ್ರೆ ಖರ್ಚು ಯಾರು ಕೊಡಬೇಕು ಅನ್ನೋ ಪ್ರಶ್ನೆಗೆ ಕರ್ನಾಟಕ ಇಪ್ಪತ್ತು ವರ್ಷಗಳಿಂದ ಉತ್ತರ ಹುಡುಕುತ್ತಾ ಬಂದಿದೆ, ಬಹಳ ಮಟ್ಟಿಗೆ ಸಿಕ್ಕಿದೆ ಕೂಡ. ಆಸ್ಪತ್ರೆಯಿಂದ ಬಂದಮೇಲಿನ ಮೂರು ತಿಂಗಳ ಖರ್ಚು ಯಾರದ್ದು? ಅದನ್ನ ಕೇಳಿದವರೇ ಕಡಿಮೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 20ನೇ ಶತಮಾನದ ಮೊದಲರ್ಧದಲ್ಲಿ ಹಾರ್ಟ್ ಅಟ್ಯಾಕ್‌ಗೆ ಇದ್ದ ಮುಖ್ಯ ಚಿಕಿತ್ಸೆ ಏನು ಗೊತ್ತಾ? ಮಲಗೋದು. ನಾಲ್ಕು ವಾರ, ಆರು ವಾರ ಅಲ್ಲಾಡದೆ ಮಲಗಿರಬೇಕು. ಊಟವನ್ನೂ ಬೇರೆಯವರೇ ತಿನ್ನಿಸಬೇಕು. ಹಾಗೆ ಮಲಗಿದವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಎಷ್ಟೋ ಜನ ಸಾಯುತ್ತಿದ್ದರು. 1952ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಅನ್ನೋ ಇಬ್ಬರು ವೈದ್ಯರು ರೋಗಿಗಳನ್ನು ಬೇಗನೇ ಎಬ್ಬಿಸಿ ಆರಾಮಕುರ್ಚಿಯಲ್ಲಿ ಕೂರಿಸಿದರು. ಆಗಿನ ಕಾಲಕ್ಕೆ ಅದೇ ದೊಡ್ಡ ದುಸ್ಸಾಹಸ. ರೋಗಿಗಳು ಚೇತರಿಸಿಕೊಂಡರು.

ಮೂರು ವರ್ಷದ ನಂತರ, 1955ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೇ ಹಾರ್ಟ್ ಅಟ್ಯಾಕ್ ಆಯ್ತು. ಅವರನ್ನು ನೋಡಲು ಬಂದ ಹೃದ್ರೋಗ ತಜ್ಞ ಪಾಲ್ ಡಡ್ಲಿ ವೈಟ್ ನಡಿಗೆ, ವ್ಯಾಯಾಮಗಳ ದೊಡ್ಡ ಪ್ರಚಾರಕ. ಅಧ್ಯಕ್ಷರು ಸುಮಾರು ಏಳು ವಾರ ಆಸ್ಪತ್ರೆಯಲ್ಲಿದ್ದು, ನಿಧಾನವಾಗಿ ನಡೆದು, ಕೆಲಸಕ್ಕೆ ಮರಳಿ, ಮುಂದಿನ ವರ್ಷ ಚುನಾವಣೆಯನ್ನೂ ಗೆದ್ದರು. ಹಾರ್ಟ್ ಅಟ್ಯಾಕ್ ಆದವರೂ ಮತ್ತೆ ಬದುಕು ಕಟ್ಟಿಕೊಳ್ಳಬಹುದು ಅಂತ ಇಡೀ ಜಗತ್ತಿಗೆ ಕಾಣಿಸಿತು. ಒಂದು ಸಣ್ಣ ವಿಷಯ ಮಾತ್ರ ಗಮನಿಸಿ: ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಸಂಬಳ ಬರ್ತಾ ಇತ್ತು.

ಮುಂದೆ ತಂತ್ರಜ್ಞಾನ ಓಡಿತು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಮೊದಲ ಬಾರಿಗೆ ಹೃದಯದ ರಕ್ತನಾಳವನ್ನು ಬಲೂನ್‌ನಿಂದ ತೆರೆದರು. 1986ರಲ್ಲಿ ಫ್ರಾನ್ಸ್‌ನಲ್ಲಿ ಮೊದಲ ಸ್ಟೆಂಟ್ ಬಂತು. ಜೀವ ಉಳಿಸುವ ದಾರಿ ಸಿಕ್ಕಿತು, ಜೊತೆಗೆ ದೊಡ್ಡ ಬಿಲ್ಲೂ ಬಂತು. ನಮ್ಮಲ್ಲಿ ಆ ಬಿಲ್ ಕಟ್ಟೋಕೆ ಜಮೀನು ಅಡ ಇಟ್ಟವರು, ತಾಳಿ ಮಾರಿದವರು ಎಷ್ಟು ಜನ ಅಂತ ನಿಮ್ಮ ಅಜ್ಜಿಯನ್ನ ಕೇಳಿ ನೋಡಿ.

ಇಲ್ಲಿಂದ ಕರ್ನಾಟಕದ ಕಥೆ. 2003ರ ಜೂನ್‌ನಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. ಇದರ ಹಿಂದಿದ್ದವರಲ್ಲಿ ಹೃದಯ ಶಸ್ತ್ರಚಿಕಿತ್ಸಕ ದೇವಿ ಶೆಟ್ಟಿ ಪ್ರಮುಖರು. ಸಹಕಾರ ಸಂಘದ ಸದಸ್ಯನಾದ ರೈತ ತಿಂಗಳಿಗೆ 5 ರೂಪಾಯಿ, ಅಂದ್ರೆ ವರ್ಷಕ್ಕೆ 60 ರೂಪಾಯಿ ಕೊಟ್ಟರೆ ಆಪರೇಷನ್ ಖರ್ಚು ಯೋಜನೆಯದ್ದು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಅಷ್ಟು ಕಡಿಮೆ ದುಡ್ಡಿಗೆ ಹೇಗೆ ಸಾಧ್ಯ? ಆಪರೇಷನ್ ಬೇಕಾಗೋದು ನೂರಾರು ಜನರಲ್ಲಿ ಕೆಲವರಿಗೆ ಮಾತ್ರ. ಒಂದೊಂದಕ್ಕೂ ಮೊದಲೇ ದರ ಗೊತ್ತುಮಾಡಬಹುದು, ಎಷ್ಟಾಯ್ತು ಅಂತ ಎಣಿಸಬಹುದು. ಯೋಜನೆಯ ಜಾಣತನವೂ ಇದೇ, ಮಿತಿಯೂ ಇದೇ. ಎಣಿಸೋಕೆ ಸಿಗದ ಖರ್ಚೆಲ್ಲ ಹೊರಗೇ ಉಳೀತು.

2010ರಲ್ಲಿ ಬಿಪಿಎಲ್ ಕುಟುಂಬಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಬಂತು. ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳಿಗೆ ಕುಟುಂಬಕ್ಕೆ ಒಂದೂವರೆ ಲಕ್ಷದವರೆಗೆ, ಕಂತೇ ಇಲ್ಲದೆ. ಯೋಜನೆ ಇದ್ದ ಹಳ್ಳಿಗಳನ್ನೂ ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯ್ತು: ಯೋಜನೆ ಇದ್ದ ಕಡೆ ಬಡ ಕುಟುಂಬಗಳಲ್ಲಿ ಈ ಕಾಯಿಲೆಗಳ ಸಾವು ಸ್ಪಷ್ಟವಾಗಿ ಕಡಿಮೆ, ಆಸ್ಪತ್ರೆಗೆ ಕೈಯಿಂದ ಹಾಕಿದ ದುಡ್ಡೂ ಕಡಿಮೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ದರಕ್ಕೆ ಮಿತಿ ಹಾಕಿತು. ಲಕ್ಷ ದಾಟಿದ್ದ ಔಷಧಲೇಪಿತ ಸ್ಟೆಂಟ್ 29,600 ರೂಪಾಯಿಗೆ ಇಳಿಯಿತು. 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆಮೇಲೆ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ: ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತ.

ಇದೆಲ್ಲ ಸಣ್ಣ ಸಾಧನೆ ಅಲ್ಲ. ಮಾವ ಬದುಕಿದ್ದೇ ಇದರಿಂದ. ಈಗ ಮೂರು ಲೆಕ್ಕ ಪಕ್ಕಪಕ್ಕ ಇಡ್ತೀನಿ, ನೋಡಿ. ಆಯುಷ್ಮಾನ್ ಭಾರತದ ನಿಯಮದಲ್ಲಿ ಡಿಸ್ಚಾರ್ಜ್ ನಂತರದ ಔಷಧಿ, ಟೆಸ್ಟ್ ಖರ್ಚು ಸಿಗೋದು 15 ದಿನಕ್ಕೆ. ಹಾರ್ಟ್ ಅಟ್ಯಾಕ್‌ಗೆ ಸ್ಟೆಂಟ್ ಹಾಕಿದಮೇಲೆ ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆಯನ್ನು ಸಾಮಾನ್ಯವಾಗಿ ಸುಮಾರು ಒಂದು ವರ್ಷ ತಗೋಬೇಕು. ಪುನಶ್ಚೇತನಕ್ಕೆ, ಅಂದ್ರೆ ಹಂತಹಂತವಾಗಿ ನಡಿಗೆ, ವ್ಯಾಯಾಮ, ಊಟದ ಪಥ್ಯ, ಬೀಡಿ-ಸಿಗರೇಟ್ ಬಿಡೋದು, ಭಯ ಕಳೆಯೋದು ಇದಕ್ಕೆಲ್ಲ ಎರಡು ಮೂರು ತಿಂಗಳು. 15 ದಿನಕ್ಕೂ ಒಂದು ವರ್ಷಕ್ಕೂ ನಡುವಿನ ಆ ಕಂದಕದಲ್ಲೇ ಮಾವ ಮೂಟೆ ಹೊರ್ತಾ ಇದ್ದದ್ದು.

ಕೂಲಿ ಕಥೆಯೂ ಹಾಗೇ. 1948ರ ಇಎಸ್‌ಐ ಕಾಯ್ದೆ ಈ ವಿಷಯವನ್ನ ಸ್ವಾತಂತ್ರ್ಯ ಬಂದ ಮರುವರ್ಷವೇ ಅರ್ಥ ಮಾಡಿಕೊಂಡಿತ್ತು: ಕಾಯಿಲೆ ಬಿದ್ದ ಕಾರ್ಮಿಕನಿಗೆ ಔಷಧಿಯ ಜೊತೆ ಕೂಲಿಯೂ ಬೇಕು. ಈಗಲೂ ಇಎಸ್‌ಐ ಇರುವವರಿಗೆ ವರ್ಷದಲ್ಲಿ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ. ಹೆಚ್ಚುಕಡಿಮೆ ಪುನಶ್ಚೇತನಕ್ಕೆ ಬೇಕಾದಷ್ಟೇ ದಿನ! ಆದರೆ ಆಟೋದವರು, ಹಮಾಲಿಗಳು, ಹೊಲದ ಕೂಲಿಯವರು ಆ ಕಾಯ್ದೆಯ ಲೆಕ್ಕದಲ್ಲಿಲ್ಲ.

ಹಾಗಾದ್ರೆ ಪುನಶ್ಚೇತನ ಅಂದ್ರೆ ಟ್ರೆಡ್‌ಮಿಲ್, ಮಾನಿಟರ್ ಇರೋ ಶ್ರೀಮಂತರ ವ್ಯವಹಾರವಾ? ಭಾರತದಲ್ಲೇ ಇದಕ್ಕೊಂದು ಪರೀಕ್ಷೆ ನಡೆದಿದೆ. 24 ಆಸ್ಪತ್ರೆಗಳಲ್ಲಿ, ಹಾರ್ಟ್ ಅಟ್ಯಾಕ್ ಆದ 3,959 ಜನರ ಮೇಲೆ ನಡೆದ ಯೋಗ-ಕೇರ್ ಅಧ್ಯಯನ. 12 ವಾರದಲ್ಲಿ 13 ತರಗತಿ, ದೊಡ್ಡ ಯಂತ್ರೋಪಕರಣ ಬೇಡ. 2020ರಲ್ಲಿ ಫಲಿತಾಂಶ ಬಂತು. ಸಾವು ಅಥವಾ ಮತ್ತೊಂದು ಅಟ್ಯಾಕ್ ಕಡಿಮೆಯಾಗುತ್ತೆ ಅಂತ ಅದು ಸಾಬೀತು ಮಾಡಲಿಲ್ಲ, ಇದನ್ನ ನೇರವಾಗಿ ಹೇಳಬೇಕು. ಆದರೆ ಯೋಗ ಮಾಡಿದವರು ತಮ್ಮ ಹಳೆಯ ಕೆಲಸಕಾರ್ಯಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು, ಆರೋಗ್ಯ ಸುಧಾರಿಸಿದೆ ಅಂದರು. ದಿನಗೂಲಿಯವರಿಗೆ ಅದು ದೊಡ್ಡ ಮಾತು ಅಲ್ವಾ?

ಮಾವನ ಕಥೆ ಅಲ್ಲಿಗೇ ಮುಗೀಲಿಲ್ಲ. ಎರಡನೇ ತಿಂಗಳು ಅತ್ತೆ ಫೋನ್ ಮಾಡಿದ್ರು. ಮಾವ ಮಾತ್ರೆಗಳನ್ನ ದಿನ ಬಿಟ್ಟು ದಿನ ನುಂಗ್ತಾ ಇದ್ದಾರೆ, "ಹೆಚ್ಚು ದಿನ ಬರಲಿ ಅಂತ". ನನ್ನ ಕೈಕಾಲು ತಣ್ಣಗಾಯ್ತು. ಸ್ಟೆಂಟ್ ಇರೋರು ಆ ಮಾತ್ರೆ ತಪ್ಪಿಸಿದ್ರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ಮಾರನೇ ದಿನವೇ ಡಾಕ್ಟರ್ ಹತ್ರ ಕರ್ಕೊಂಡು ಹೋದ್ವಿ. ಅವರು ಜನರಿಕ್ ಹೆಸರಿನಲ್ಲಿ ಚೀಟಿ ಬರೆದುಕೊಟ್ರು, ಜನೌಷಧಿ ಅಂಗಡಿಯಲ್ಲಿ ಬಹಳ ಕಡಿಮೆಗೆ ಸಿಕ್ತು. ಇದನ್ನ ಮೊದಲ ದಿನವೇ ಕೇಳೋ ಬುದ್ಧಿ ನನಗೂ ಇರಲಿಲ್ಲ.

ಹಾಗಾಗಿ ನಿಮ್ಮ ಮನೆಯಲ್ಲಿ ಹೀಗಾದ್ರೆ ಡಿಸ್ಚಾರ್ಜ್ ದಿನ ಫೋನ್ ತೆಗೆದು ನಾಲ್ಕು ಪ್ರಶ್ನೆ ಬರ್ಕೊಳ್ಳಿ. ಯಾವ ಮಾತ್ರೆ ಎಷ್ಟು ತಿಂಗಳು, ಜನರಿಕ್ ಆಗುತ್ತಾ? ದಿನಕ್ಕೆ ಎಷ್ಟು ನಡೀಬೇಕು? ಭಾರ ಯಾವಾಗಿಂದ ಎತ್ತಬಹುದು? ಇಎಸ್‌ಐ ಇದ್ರೆ ರಜೆಯ ಸರ್ಟಿಫಿಕೇಟ್ ಯಾರು ಕೊಡ್ತಾರೆ?

ಮಾವ ಈಗ ಚೆನ್ನಾಗಿದ್ದಾರೆ, ಬೆಳಗ್ಗೆ ನಡೀತಾರೆ. ಮೂಟೆ ಎತ್ತಲ್ಲ. ಪ್ರತಿ ಟ್ರಿಪ್‌ಗೂ ಹಮಾಲಿಗೆ ತಮ್ಮ ಬಾಡಿಗೆಯಿಂದಲೇ ಕೊಡ್ತಾರೆ. ಅವರ ಪುನಶ್ಚೇತನದ ಬಿಲ್ ಅದೇ, ಈಗಲೂ ಕಟ್ತಾ ಇದ್ದಾರೆ.