ಹೊಲದಿಂದ ಗಿರಣಿಗೆ ಬಂದ ಲೆಕ್ಕ

ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕದಲ್ಲಾಗಲಿ, ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಾಗಲಿ ಮಾಲು ಕೆಟ್ಟಾಗ ನಡೆಯುವುದು ಸಾಮಾನ್ಯವಾಗಿ ಒಂದೇ: ಯಾವುದಾದರೂ ಒಂದನ್ನು ಬದಲಿಸಿ ನೋಡುವುದು, ಆಗದಿದ್ದರೆ ಇನ್ನೊಂದನ್ನು. ಇದಕ್ಕಿಂತ ಚುರುಕಾದ ದಾರಿಯೊಂದನ್ನು ಎಂಜಿನಿಯರಿಂಗ್ ತರಗತಿಗಳಲ್ಲಿ ‘ಪ್ರಯೋಗ ವಿನ್ಯಾಸ’ ಎಂದು ಕಲಿಸುತ್ತಾರೆ. ಅಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಜಪಾನಿನ ಗೆನಿಚಿ ಟಾಗುಚಿ. ವಿಜ್ಞಾನದ ಚರಿತ್ರೆಯನ್ನು ಓದುತ್ತಿರುವ ನಾನು ಆ ಹೆಸರಿನ ಜಾಡು ಹಿಡಿದು ಹೊರಟೆ. ದಾರಿ ಹಳೆಯ ಬಳ್ಳಾರಿ ಜಿಲ್ಲೆಗೇ ಬಂದು ಮುಟ್ಟಿತು.

ಈ ವಿದ್ಯೆ ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ, ಹೊಲದಲ್ಲಿ. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರ ಸೇರಿದ ಆರ್. ಎ. ಫಿಶರ್‌ಗೆ ಎದುರಾದ ತೊಡಕು ಕುರುಗೋಡಿನ ಯಾವ ರೈತನಿಗೂ ಗೊತ್ತಿರುವಂಥದ್ದು. ಒಂದೇ ಹೊಲದ ಒಂದು ಮಗ್ಗುಲು ಎರೆ, ಇನ್ನೊಂದು ಮಗ್ಗುಲು ಮಸಾರಿ ಇದ್ದರೆ, ಬೆಳೆ ಹೆಚ್ಚಿದ್ದು ಗೊಬ್ಬರದಿಂದಲೋ ಮಣ್ಣಿನಿಂದಲೋ? ಫಿಶರ್ ಮೂರು ಉಪಾಯ ಹೇಳಿದರು: ಒಂದೇ ಬಗೆಯ ಮಣ್ಣಿನ ತಾಕುಗಳನ್ನು ಗುಂಪು ಮಾಡಿ, ಗುಂಪಿನೊಳಗೆ ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಪ್ರಯೋಗವನ್ನು ಹಲವು ಸಲ ಮಾಡಿ. ಪ್ರಯೋಗ ವಿನ್ಯಾಸದ ಮೇಲಿನ ಅವರ ಪುಸ್ತಕ 1935ರಲ್ಲಿ ಬಂತು. ಎರಡು ವರ್ಷದ ನಂತರ, ತುಂಗಭದ್ರೆಯ ಕಾಲುವೆಗಳಿನ್ನೂ ಕನಸಾಗಿದ್ದಾಗ, ಸಿರುಗುಪ್ಪದ ಎರೆಭೂಮಿಯಲ್ಲೂ ಕೃಷಿ ಸಂಶೋಧನಾ ಕೇಂದ್ರ ತೆರೆಯಿತು. ನೀರು ಹರಿದರೆ ಈ ಮಣ್ಣು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಅಲ್ಲಿಯ ಪ್ರಶ್ನೆ.

1920ರ ಸೆಪ್ಟೆಂಬರ್ 10ರಂದು, ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಹೂವಿನಹಡಗಲಿಯಲ್ಲಿ, ತೆಲುಗು ಮನೆಮಾತಿನ ಕುಟುಂಬವೊಂದರ ಎಂಟನೆಯ ಮಗುವಾಗಿ ಸಿ. ಆರ್. ರಾವ್ ಹುಟ್ಟಿದರು. 1941ರಲ್ಲಿ ಅವರು ಕಲ್ಕತ್ತೆಯಲ್ಲಿ ಮಹಲನೋಬಿಸ್ ಕಟ್ಟಿದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದರು. ಬದಲಿಸಬೇಕಾದ ಸಂಗತಿಗಳು ಏಳಿದ್ದು, ಪ್ರತಿಯೊಂದಕ್ಕೂ ಎರಡು ಮಟ್ಟವಿದ್ದರೆ ಒಟ್ಟು 128 ಜೋಡಣೆಗಳಾಗುತ್ತವೆ. ಅಷ್ಟನ್ನೂ ಮಾಡುವ ಹೊಲ ಯಾರಲ್ಲಿದೆ? ಸಮತೂಕ ಕೆಡದಂತೆ ಕೆಲವನ್ನಷ್ಟೇ ಆರಿಸುವ ಕೋಷ್ಟಕಗಳ ಗಣಿತವನ್ನು ರಾವ್ 1947ರಲ್ಲಿ ಪ್ರಕಟಿಸಿದರು. ಅವೇ ‘ಆರ್ಥೊಗೊನಲ್ ಅರೇ’ಗಳು. 1953ರಲ್ಲಿ ಜಪಾನಿನ ಇನಾ ಹೆಂಚಿನ ಕಾರ್ಖಾನೆಯಲ್ಲಿ ಗೂಡಿನ ಬಿಸಿ ಒಂದೇ ಸಮ ಇರದೆ ಹೆಂಚುಗಳ ಅಳತೆ ತಪ್ಪುತ್ತಿತ್ತು. ಅಲ್ಲಿ ಏಳು ಸಂಗತಿಗಳನ್ನು ಎಂಟೇ ಪ್ರಯೋಗಗಳಲ್ಲಿ ಪರೀಕ್ಷಿಸಿದರು. ಗೂಡನ್ನು ಕೆಡವದೆ, ಮಣ್ಣಿನ ಮಿಶ್ರಣದಲ್ಲಿ ಸುಣ್ಣದ ಅಂಶ ಹೆಚ್ಚಿಸಿಯೇ ದೋಷವನ್ನು ತಗ್ಗಿಸಿದರು. ಟಾಗುಚಿ 1954–55ರಲ್ಲಿ ಕಲ್ಕತ್ತೆಯ ಅದೇ ಸಂಸ್ಥೆಗೆ ಅತಿಥಿ ಪ್ರಾಧ್ಯಾಪಕರಾಗಿ ಬಂದರು.

ಇದನ್ನು ಸಿರುಗುಪ್ಪದ ಗಿರಣಿಗೆ ತಂದು ನೋಡೋಣ. ಕುಚ್ಚಲಕ್ಕಿಯಲ್ಲಿ ನುಚ್ಚು ಹೆಚ್ಚುತ್ತಿದೆ ಎನ್ನಿ. ಅನುಮಾನ ಮೂರರ ಮೇಲೆ: ನೆನೆಸುವ ನೀರಿನ ಬಿಸಿ, ನೆನೆಸುವ ಹೊತ್ತು, ಹಬೆ ಕೊಡುವ ಹೊತ್ತು. ಒಂದೇ ರಾಶಿಯ ಭತ್ತದಿಂದ ನಾಲ್ಕು ಪಾಲು ಮಾಡಿ. ಒಂದರಲ್ಲಿ ಮೂರೂ ಕಡಿಮೆ. ಉಳಿದ ಮೂರರಲ್ಲಿ ಸರದಿಯಂತೆ ಒಂದು ಮಾತ್ರ ಕಡಿಮೆ, ಎರಡು ಹೆಚ್ಚು. ಯಾವ ಪಾಲು ಮೊದಲು ಎಂಬುದಕ್ಕೆ ಚೀಟಿ ಎತ್ತಿ. ಬಿಸಿ ಹೆಚ್ಚಿದ್ದ ಎರಡು ಪಾಲುಗಳ ನುಚ್ಚಿನ ಸರಾಸರಿಯನ್ನು ಕಡಿಮೆಯಿದ್ದ ಎರಡರ ಜೊತೆ ಹೋಲಿಸಿದರೆ, ಉಳಿದೆರಡು ಸಂಗತಿಗಳು ಎರಡೂ ಕಡೆ ಸರಿಸಮ ಇರುತ್ತವೆ. ಹೀಗೆ ನಾಲ್ಕೇ ಪಾಲುಗಳು ಮೂರು ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ.

ಆದರೆ ಈ ಉಳಿತಾಯಕ್ಕೆ ಬೆಲೆಯಿದೆ. ಬಿಸಿ ಮತ್ತು ನೆನೆಸುವ ಹೊತ್ತು ಕೂಡಿ ಬೇರೆಯದೇ ಪರಿಣಾಮ ತಂದರೆ, ಅದು ಹಬೆಯ ಪರಿಣಾಮದಂತೆ ಕಾಣಿಸೀತು. ಯಾವ ಮೂರನ್ನು ಅನುಮಾನಿಸಬೇಕು, ಯಾವೆರಡು ಒಂದಕ್ಕೊಂದು ತಳುಕು ಹಾಕಿಕೊಂಡಿವೆ ಎಂಬುದನ್ನು ಕೋಷ್ಟಕ ಹೇಳುವುದಿಲ್ಲ. ಅದನ್ನು ಹೇಳಬಲ್ಲವನು ಭತ್ತವನ್ನು ಕಚ್ಚಿ ಹದ ನೋಡುವ ಮೇಸ್ತ್ರಿ.

ಈ ವಿದ್ಯೆಯ ಗಣಿತ ಇಂಗ್ಲಿಷಿನ ಪರೀಕ್ಷೆಯಲ್ಲಿದೆ. ಅದಕ್ಕೆ ಬೇಕಾದ ಅನುಭವ ಕನ್ನಡ, ತೆಲುಗು, ಉರ್ದು ಮಾತಾಡುವ ಕೆಲಸಗಾರರಲ್ಲಿದೆ. ಇವೆರಡೂ ಭೇಟಿಯಾಗದಿದ್ದರೆ ನಷ್ಟವಾಗುವುದು ಅಕ್ಕಿ, ಉರುವಲು ಮತ್ತು ಈ ಬಿಸಿಲುನಾಡಿನ ನೀರು. 2023ರಲ್ಲಿ, ನೂರಾ ಎರಡರ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದ ರಾವ್ ಅದೇ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರು ನಮ್ಮ ಜಿಲ್ಲೆಯವರೆಂಬ ಹೆಮ್ಮೆ ಸರಿಯೇ. ಜೊತೆಗೆ ಅವರ ಆ ನಾಲ್ಕು ಸಾಲಿನ ಕೋಷ್ಟಕವನ್ನು ಕನ್ನಡದಲ್ಲಿ ಬರೆದು ಗಿರಣಿಯ ಗೋಡೆಗೆ ಅಂಟಿಸುವ ಕೆಲಸವೂ ಆಗಬೇಕು.